ಗವರ್ನರ್ ಪತ್ರಕ್ಕೆ ಗೌರಿಯ ಅರಿಶಿನ

ಕಾರಿನ ಬಂಪರ್ ನನ್ನ ಮಂಡಿಗೆ ತಾಗಿ ನಿಂತಿತ್ತು. ಬೆನ್ನ ಹಿಂದೆ ಗ್ಯಾರೇಜಿನ ಗೋಡೆ.

ಇನ್ನೊಂದೇ ಇಂಚು... ಮಂಡಿಚಿಪ್ಪು ಹಪ್ಪಳ!

"ಮುಂದಕ್ಕೆ ಬಿಡ್ಲಾ, ಬಸಮ್ಮ?" ಸ್ಟಿಯರಿಂಗ್ ಹಿಡಿದ ಕಿಶೋರ್ ಕೇಳಿದ.

"ಬಿಡಪ್ಪ. ನಿನ್ನ ಕಾರಿನ ಹಿಂದೆ ಪೋಸ್ಟ್‌ಮ್ಯಾನ್ ನಿಂತಿದಾನೆ. ಸಾಕ್ಷಿಗೆ ಆಗ್ತಾನೆ."

ಯಾವ ಪೋಸ್ಟ್‌ಮ್ಯಾನೂ ಇರಲಿಲ್ಲ. ಆದರೆ ಕಿಶೋರ್ ಹಿಂದೆ ತಿರುಗಿ ನೋಡಿದ. ಅಷ್ಟು ಸಾಕಿತ್ತು. ಬಾನೆಟ್ ಹತ್ತಿ ಆಚೆ ಹಾರಿದೆ. ಬಾಗಿಲು ಎಳೆದು ಅವನ ಕಾಲರ್ ಹಿಡಿದೆ. ಹುಬ್ಬಳ್ಳಿಯ ಪೊಲೀಸ್ ಕೆಲಸ ಬಿಟ್ಟು ಇಂಗ್ಲೆಂಡಿಗೆ ಬಂದು ಖಾಸಗಿ ಪತ್ತೇದಾರಿಕೆ ಶುರುಮಾಡಿ ಹದಿನಾರು ವರ್ಷವಾಯಿತು. ವಯಸ್ಸು ಐವತ್ತೆರಡು. ಹಿಡಿತ ಮಾತ್ರ ಹಳೆಯದೇ.

ನಾನು ಸೊಲಿಹಲ್‌ನ ಆ ಗ್ಯಾರೇಜಿಗೆ ಹೇಗೆ ಬಂದೆ? ಕೇಳಿ.

ಹಿಂದಿನ ದಿನ ಡಿಡ್ಸ್‌ಬರಿಯ ಡಾಕ್ಟರ್ ಇಂದುಶೇಖರ ನನ್ನನ್ನು ಕರೆಸಿದ್ದರು. ಆ ಮನುಷ್ಯನಿಗೆ ಹಳೇ ಅಮೆರಿಕನ್ ಪತ್ರಗಳ ಹುಚ್ಚು. ಆ ದೇಶ ಸ್ವತಂತ್ರವಾದ ಹೊಸದರಲ್ಲಿ ಅಲ್ಲಿನ ರಾಜ್ಯಗಳ ಗವರ್ನರ್‌ಗಳು ಸಹಿ ಹಾಕಿ, ಮೇಣದ ಮುದ್ರೆ ಒತ್ತಿ ಕೊಟ್ಟ ಜಮೀನಿನ ಹಕ್ಕುಪತ್ರಗಳು. ಅವುಗಳಲ್ಲಿ 1792ರದ್ದೊಂದು ಮಾಯವಾಗಿತ್ತು.

"ಶರ್ವಾಣಿನೇ ಕದ್ದಿರೋದು," ಎಂದರು ಡಾಕ್ಟರು. ಪತ್ರಗಳ ಪಟ್ಟಿ ಮಾಡಲು ಶೆಫೀಲ್ಡ್‌ನಿಂದ ಬರುತ್ತಿದ್ದ ವಿದ್ಯಾರ್ಥಿನಿ ಅವಳು. "ನಾಳೆ ನಾಲ್ಕು ಗಂಟೆಯೊಳಗೆ ಅವಳ ಬಾಯಿ ಬಿಡಿಸಿ. ಇಲ್ಲಾಂದ್ರೆ ಯೂನಿವರ್ಸಿಟಿಗೂ ಪೊಲೀಸ್‌ಗೂ ಈಮೇಲ್ ಹೋಗತ್ತೆ. ವೀಸಾ ಕ್ಯಾನ್ಸಲ್. ಹುಡುಗಿ ವಾಪಸ್ ಊರಿಗೆ."

ಬೆಳಗ್ಗೆ ಶೆಫೀಲ್ಡ್‌ಗೆ ಹೋದೆ. ಶರ್ವಾಣಿ ಅಳಲಿಲ್ಲ, ಉರಿದುಬಿದ್ದಳು.

"ಕದ್ದಿಲ್ಲ ಆಂಟಿ. ಆದ್ರೆ ಬಾಯಿಗೆ ಬೀಗ ಹಾಕ್ಲಿಲ್ಲ. ಅವರ ಗೆಸ್ಟ್‌ಗಳ ಎದುರಿಗೇ ಹೇಳ್ಬಿಟ್ಟೆ... ಆ ಪತ್ರದ ಸಹಿ ಗವರ್ನರ್‌ದಲ್ಲ, ಗುಮಾಸ್ತ ಹಾಕಿದ್ದು ಅಂತ."

"ಎಷ್ಟು ಜನ ಇದ್ರು?"

"ಹದಿನೈದು. ಎಲ್ಲಾ ಡಾಕ್ಟರ್‌ಗಳೇ."

ನನಗೆ ವಾಸನೆ ಬಡಿಯಿತು. ಕಳ್ಳತನದ್ದಲ್ಲ. ಸುಟ್ಟ ಜಂಬದ್ದು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಡಾಕ್ಟರ ಹೆಂಡತಿ ಗೌರಿ. ಧ್ವನಿ ಪಿಸುಪಿಸು.

"ಶನಿವಾರ ಇವ್ರು ಒಂದು ಚಪ್ಪಟೆ ಪೆಟ್ಟಿಗೆ ಹಿಡ್ಕೊಂಡು ಸೊಲಿಹಲ್‌ಗೆ, ಅವ್ರ ಫ್ರೆಂಡ್ ಕಿಶೋರ್ ಮನೆಗೆ ಹೋಗಿದ್ರು. ಇನ್ನೊಂದು ವಿಷ್ಯ... ಇವ್ರಿಗೆ ಹೇಳ್ಬೇಡಿ. ಆ ಪತ್ರ ಬಂದ ದಿನ ದೇವರ ಮುಂದಿಟ್ಟು, ಹಿಂದುಗಡೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದೆ."

"ಅಮೆರಿಕದ ಯಾರದೋ ಜಮೀನಿಗಾ?"

"ಆಸ್ತಿ ಪತ್ರ ಅಂದ್ರೆ ಆಸ್ತಿ ಪತ್ರ ಅಲ್ವಾ? ಮಾರ್ಟ್‌ಗೇಜ್ ಪೇಪರ್‌ಗೂ ಹಚ್ಚಿದೀನಿ. ಆಮೇಲೆ ಗೊತ್ತಾಯ್ತು, ಅದು ಕುರಿ ಚರ್ಮ ಅಂತ. ದೇವರ ಮನೇಲಿ ಕುರಿ ಚರ್ಮ! ಯಾರ ಹತ್ರ ಹೇಳ್ಲಿ? ಸುಮ್ನೆ ಒರೆಸಿಬಿಟ್ಟೆ."

ಪಕ್ಕದಲ್ಲೇ ಕೇಳಿಸಿಕೊಂಡ ಶರ್ವಾಣಿ ಒಂದು ಪುಟ್ಟ ಅಲ್ಟ್ರಾವಯಲೆಟ್ ಟಾರ್ಚ್ ನನ್ನ ಕೈಗಿಟ್ಟಳು.

"ಒರೆಸಿದ್ರೂ ಕಲೆ ಪೂರ್ತಿ ಹೋಗಲ್ಲ ಆಂಟಿ. ಇದರ ಬೆಳಕು ಬಿಡಿ, ಹಳದಿಯಾಗಿ ಹೊಳೆಯತ್ತೆ."

ಹಾಗೆ ಬಂದೆ ಗ್ಯಾರೇಜಿಗೆ. ಪೆಟ್ಟಿಗೆ ಕಿಶೋರನ ಹಿಂದಿನ ಸೀಟಿನಲ್ಲೇ ಇತ್ತು. ನನ್ನನ್ನು ಕಂಡವನೇ ಅದನ್ನು ಸಾಗಿಸಲು ಹೊರಟಿದ್ದ; ತಡೆದದ್ದಕ್ಕೆ ನನ್ನನ್ನು ಗೋಡೆಗೆ ಒತ್ತಿದ್ದ.

"ಅದು ನಂದು ಬಸಮ್ಮ. ಗವರ್ನರ್‌ಗಳು ಇಂಥವು ಸಾವಿರಾರು ಕೊಟ್ಟಿದಾರೆ. ನನ್ಹತ್ರ ಒಂದಿದ್ರೆ ತಪ್ಪಾ?"

"ತಪ್ಪಿಲ್ಲ. ನಿಮ್ಮನೇಲೂ ಅರಿಶಿನ ಹಚ್ತೀರಾ?"

"ಏನು?"

ಗ್ಯಾರೇಜಿನ ಬಾಗಿಲು ಇಳಿಸಿ ಲೈಟ್ ಆರಿಸಿದೆ. ಪತ್ರ ಮಗುಚಿ ಟಾರ್ಚ್ ಬಿಟ್ಟೆ. ಒಂದು ಮೂಲೆ. ಎರಡು. ಮೂರು... ನಾಲ್ಕೂ! ಗೌರಿಯ ಬೆರಳಿನ ಗುರುತು ಹಳದಿಯಾಗಿ ಹೊಳೆಯಿತು.

ಕಿಶೋರ್ ಕಾರಿಗೆ ಒರಗಿದ. "ಇಂದುಶೇಖರನೇ ಇಟ್ಕೋ ಅಂದಿದ್ದು. ಆ ಹುಡುಗಿ ಊರಿಗೆ ಹೋಗೋವರೆಗೆ ಮಾತ್ರ..."

"ಥ್ಯಾಂಕ್ಸ್. ರೆಕಾರ್ಡ್ ಆಯ್ತು."

ಆ ಮಾತು ಹೇಳಬಾರದಿತ್ತು. ಪೆಟ್ಟಿಗೆ ಎತ್ತಿಕೊಂಡು ನನ್ನ ಕಾರು ಹತ್ತಿದೆ. ಎಂ-ಸಿಕ್ಸ್ ಹೆದ್ದಾರಿಯಲ್ಲಿ ಅವನ ಕಪ್ಪು ಕಾರು ನನ್ನ ಬೆನ್ನು ಬಿಡಲಿಲ್ಲ. ಎರಡು ಸಲ ಪಕ್ಕದಿಂದ ಒತ್ತಿದ. ಕನ್ನಡಿ ಚೂರಾಯಿತು. ನಾನು ಎರಡು ಲಾರಿಗಳ ನಡುವೆ ನುಸುಳಿ ಅಲ್ಲೇ ಉಳಿದೆ. ಸ್ಟೋಕ್ ಬರುವಷ್ಟರಲ್ಲಿ ಅವನು ಎಕ್ಸಿಟ್ ಹಿಡಿದು ಹೋದ. ಅವನೂ ಡಾಕ್ಟರೇ. ಸಂಜೆ ಆಸ್ಪತ್ರೆ ಡ್ಯೂಟಿ ಇತ್ತೇನೋ.

ಮೂರು ಐವತ್ತೆರಡು. ಡಿಡ್ಸ್‌ಬರಿ. ಇಂದುಶೇಖರ ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

"ಒಪ್ಕೊಂಡ್ಲಾ?"

ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. ಫೋನ್ ತೆಗೆದು ಕಿಶೋರನ ಮಾತು ಕೇಳಿಸಿದೆ. ಅವರು ಲ್ಯಾಪ್‌ಟಾಪ್ ಮುಚ್ಚಿದರು.

"ನಿಮಗೆ ಕೆಲಸ ಕೊಟ್ಟಿದ್ದು ನಾನು, ಬಸಮ್ಮ."

"ಮಾಡಿದೀನಲ್ಲ. ಕಳ್ಳನ್ನ ಹಿಡಿದಿದೀನಿ. ಈಗ ಬರೀರಿ. ಪತ್ರ ನಾನೇ ಬಚ್ಚಿಟ್ಟಿದ್ದೆ, ಶರ್ವಾಣಿದು ಏನೂ ತಪ್ಪಿಲ್ಲ ಅಂತ."

"ಬರೀದಿದ್ರೆ?"

"ನಾಲ್ಕು ಗಂಟೆಗೆ ಈಮೇಲ್ ಹೋಗತ್ತೆ. ನಂದು. ನಿಮ್ಮ ಆಸ್ಪತ್ರೆಗೆ."

ಹಲ್ಲು ಕಚ್ಚಿಕೊಂಡೇ ಬರೆದರು. ಬರೆದು ಪೆನ್ ಕೆಳಗಿಟ್ಟರು. "ನಾಳೆ ಸೆಕ್ರೆಟರಿ ಸಹಿ ಹಾಕಿ ಕಳಿಸ್ತಾಳೆ."

"ಬೇಡ. ನೀವೇ ಹಾಕಿ. ಗುಮಾಸ್ತರ ಸಹಿ ಆ ಹುಡುಗಿ ಕಂಡುಹಿಡೀತಾಳೆ."

ಹಾಕಿದರು. ನಿಬ್ಬು ಕಾಗದ ಹರಿಯುವಷ್ಟು ಒತ್ತಿತ್ತು.

ಗೌರಿ ಒಳಗಿಂದ ಅರಿಶಿನದ ಬಟ್ಟಲು ಹಿಡಿದು ಬಂದಳು. ಗಂಡನ ಮುಖ ನೋಡಲಿಲ್ಲ. ಕಾಗದ ಮಗುಚಿ ನಾಲ್ಕು ಮೂಲೆಗೂ ಬೆರಳು ಒತ್ತಿದಳು.

"ಇದೇನೇ?" ಎಂದರು ಡಾಕ್ಟರು.

"ಆಸ್ತಿ ಪತ್ರ. ಶರ್ವಾಣಿದು."

ನಾನು ಕಾಗದ ಮಡಿಸಿ ಒಳಜೇಬಿಗೆ ಸೇರಿಸಿದೆ.

"ಇದೂ ಕಳೆದುಹೋದ್ರೆ ಯೋಚನೆ ಮಾಡ್ಬೇಡಿ ಡಾಕ್ಟ್ರೇ," ಎಂದೆ. "ಟಾರ್ಚ್ ನನ್ಹತ್ರಾನೇ ಇರತ್ತೆ."