ತೊಳೆದು ಕೊಟ್ಟ ಟವೆಲ್ಲು

ಟವೆಲ್ಲನ್ನು ಅವನು ತೊಳೆದು, ಇಸ್ತ್ರಿ ಮಾಡಿ, ನೀಟಾಗಿ ಮಡಿಸಿ ತಂದುಕೊಟ್ಟ. ಮೇಲೊಂದು ಕಾಫಿಪುಡಿ ಪೊಟ್ಟಣ ಬೇರೆ.

"ಥ್ಯಾಂಕ್ಸ್ ಓಕ್ಸೆನ್ಯಾ, ಒಳ್ಳೇ ಟವೆಲ್ಲು," ಎಂದು ಟೌನೊ ನಕ್ಕ. ಈ ನಗುವಿಗೆ ಬೆಂಕಿ ಬೀಳಲಿ ಅಂದುಕೊಂಡಳು ಅವಳು.

ಸೋವಿಯತ್ ಗಡಿಯಂಚಿನ ಕರೇಲಿಯಾದ ಅವಳ ಹಳ್ಳಿಯಲ್ಲಿ ಹುಡುಗಿ ತಾನೇ ಕಸೂತಿ ಹಾಕಿದ ಟವೆಲ್ಲು ಕೊಟ್ಟಳೆಂದರೆ ಮನಸ್ಸು ಕೊಟ್ಟ ಹಾಗೆ. ಇಟ್ಟುಕೊಂಡರೆ ಮದುವೆ, ಹಿಂತಿರುಗಿಸಿದರೆ ಸಂಬಂಧ ಮುರಿಯಿತು. ಚಳಿಗಾಲವಿಡೀ ಕೆಂಪು ದಾರದಲ್ಲಿ ಹಕ್ಕಿ ಹೊಲಿದು, ಸೌನಾ ಹಬೆಸ್ನಾನಕ್ಕೆ ಹೊರಟಿದ್ದವನ ಕೈಗೆ ನಾಚುತ್ತಾ ತುರುಕಿದ್ದಳು. ಈ ಪುಣ್ಯಾತ್ಮ ಮೈ ಒರೆಸಿಕೊಂಡು ವಾಪಸ್ ತಂದಿದ್ದ!

ಟೌನೊ ಗಡಿಯಾಚೆಯ ಫಿನ್ಲೆಂಡಿನ ಬಡಗಿ. ಹಿಂದಿನ ಯುದ್ಧದಲ್ಲಿ ಎರಡೂ ಕಡೆಯ ಅಪ್ಪಂದಿರು ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದ ಕಾಡಿನಲ್ಲೇ ಈಗ ಅವನ ಕಡೆಯವರು ಸೋವಿಯತ್ ಗಣಿಗೆ ಊರು ಕಟ್ಟಿಕೊಡುತ್ತಿದ್ದರು. ಇವರಿಗೆ ಮನೆ ಬೇಕು, ಅವರಿಗೆ ಕೆಲಸ ಬೇಕು. ಈಚೆ ಕೆಂಬಾವುಟ, ಆಚೆ ಬಂಡವಾಳ, ನಡುವೆ ಓಡಾಡಲು ಒಂದು ಬಸ್ಸು. ಅವಳ ಕರೇಲಿಯನ್, ಅವನ ಫಿನ್ನಿಷ್ ಮಾತ್ರ ಅಕ್ಕತಂಗಿ ಭಾಷೆಗಳು, ಜಗಳಕ್ಕೂ ಪ್ರೀತಿಗೂ ಸಾಕಾಗುತ್ತಿದ್ದವು.

ಟವೆಲ್ಲು ವಾಪಸ್ ಬಂದು ವಾರವಾಗಿತ್ತು. ಇಂದು ಅವರನ್ನು ಊರಿಗೆ ಒಯ್ಯುವ ಕೊನೆಯ ಬಸ್ಸು. ಅವಳು ಊಟ ಬಡಿಸುವ ಕ್ಯಾಂಟೀನಿನ ಎದುರಿನ ಹೊಸ ಶಾಲೆಯನ್ನು ಇನ್‌ಸ್ಪೆಕ್ಟರ್ ಒಪ್ಪಿಕೊಂಡರೆ ಎಲ್ಲರ ಪರ್ಮಿಟ್ಟೂ ಮುಗಿಯಿತು. ಏನಾದರೂ ಕುಂದಿದ್ದರೆ ಮಾತ್ರ ರಿಪೇರಿಗೆ ಒಬ್ಬ ಉಳಿಯಬಹುದು. ಆದರೆ ಟೌನೊನ ಕೆಲಸದಲ್ಲಿ ಕುಂದೆಲ್ಲಿ?

"ಏನು ತಪ್ಪು ಮಾಡ್ದೆ ಅಂತಾದ್ರೂ ಹೇಳೇ," ಎಂದ ಅವನು, ಬಟ್ಟಲು ಕಲಕುತ್ತಾ. "ವಾರದಿಂದ ಸೂಪಲ್ಲಿ ಒಂದು ತುಂಡು ಮಾಂಸ ಇಲ್ಲ. ಬರೀ ನೀರು."

"ಟವೆಲ್ಲು ವಾಪಸ್ ಕೊಟ್ಟೋರಿಗೆ ಅಷ್ಟೇ ಜಾಸ್ತಿ."

"ಮತ್ತೆ? ಬೇರೆಯವರ ವಸ್ತು ತೊಳೆದು ಕೊಡ್ದೇ ಇದ್ರೆ ನಮ್ಮಮ್ಮ ಚರ್ಮ ಸುಲೀತಾಳೆ."

"ಬೇರೆಯವರ ವಸ್ತು ಅಲ್ಲ ಕಣೋ ಅದು. ನಾನು ಅದು!" ಅವಳು ಸೌಟು ಕುಕ್ಕಿದಳು. "ಇಟ್ಕೊಂಡಿದ್ರೆ ಮದುವೆ ಆಗ್ತೀಯ ಅಂತ ಅರ್ಥ. ನೀನು ಇಸ್ತ್ರಿ ಮಾಡ್ಕೊಂಡು ಬಂದೆ."

ಅವನ ಕಿವಿ ಕೆಂಪಾಯಿತು. "ಅಯ್ಯೋ ದೇವರೇ. ಕೊಡು ಅದನ್ನ."

"ಇನ್ಯಾಕೆ? ಮದುವೆ ಅರ್ಜಿ ತಗೊಳ್ಳೋ ಕಚೇರಿ ಸೋಮವಾರದವರೆಗೆ ತೆಗೆಯಲ್ಲ. ಅಷ್ಟರಲ್ಲಿ ನೀನು ಗಡಿ ಬೇಲಿಯಾಚೆ. ಮತ್ತೆ ಯಾರು ಬಿಡ್ತಾರೆ ನಿನ್ನ?"

"ಕೊಡೇ!"

ಅವಳು ಮೇಜಿನ ಕೆಳಗಿಂದ ತೆಗೆದ ಟವೆಲ್ಲನ್ನು ಕಸಿದು, ಕೊರಳಿಗೆ ಸುತ್ತಿಕೊಂಡು ಹೊರಗೋಡಿದ. ಅವಳೂ ಹಿಂದೆಯೇ ಓಡಿದಳು.

ಶಾಲೆಯ ಮುಂದೆ ಇನ್‌ಸ್ಪೆಕ್ಟರ್ ನಿಂತಿದ್ದರು. ಅವರದು ರಷ್ಯನ್, ಟೌನೊನದು ಫಿನ್ನಿಷ್. ಎರಡೂ ಬಲ್ಲವಳು ಇವಳೊಬ್ಬಳೇ.

"ಸಾರ್, ಈ ಬಾಗಿಲು ಸರಿಯಿಲ್ಲ. ವಕ್ರವಾಗಿ ಕೂರಿಸಿದ್ದೀನಿ," ಎಂದ ಟೌನೊ.

ಅವಳು ಅನುವಾದಿಸಿದಳು. ಬಸ್ಸಿನಿಂದ ಗೆಳೆಯರು ಕೂಗಿದರು: "ಲೋ, ತಲೆ ಕೆಟ್ಟಿದ್ಯೇನೋ? ನಿನ್ನ ಬಾಗಿಲು ವಕ್ರಾನಾ?"

ಇನ್‌ಸ್ಪೆಕ್ಟರ್ ಒಂದೇ ಬೆರಳಲ್ಲಿ ತಳ್ಳಿದರು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

"ಈ ಊರಲ್ಲಿ ನೆಟ್ಟಗಿರೋ ಬಾಗಿಲು ಅಂದ್ರೆ ಇದೊಂದೇ," ಎಂದರು.

ಅದನ್ನು ಅನುವಾದಿಸಲು ಅವಳಿಗೆ ಬಾಯಿಯೇ ಬರಲಿಲ್ಲ. ಬಸ್ಸು ಹಾರ್ನ್ ಹೊಡೆಯಿತು. ಅವಳ ಮುಖ ನೋಡಿಯೇ ಟೌನೊಗೆ ಎಲ್ಲ ತಿಳಿಯಿತು. ಸೊಂಟದ ಸುತ್ತಿಗೆ ಎಳೆದು ಕೀಲುಗಳಿಗೆ ಏಟಿನ ಮೇಲೆ ಏಟು ಹಾಕಿದ. ತನ್ನ ಕೈಯಾರೆ ಕೂರಿಸಿದ, ಊರೆಲ್ಲ ಹೊಗಳಿದ ಬಾಗಿಲು ದಡಾರೆಂದು ನೆಲಕ್ಕೆ ಬಿತ್ತು.

ಸರ್ಕಾರಿ ಆಸ್ತಿ, ಜೈಲಿಗೇ ಹೋಗಬಹುದಿತ್ತು. ಇನ್‌ಸ್ಪೆಕ್ಟರ್ ಬಾಗಿಲು ನೋಡಿದರು, ಅವನ ಕೊರಳಲ್ಲಿದ್ದ ಕೆಂಪು ಹಕ್ಕಿಗಳನ್ನು ನೋಡಿದರು, ಅಳುತ್ತಿದ್ದ ಇವಳನ್ನು ನೋಡಿದರು.

"ಇದನ್ನ ಯಾರು ರಿಪೇರಿ ಮಾಡೋದು?"

ಅವಳು ಹೇಗೋ ಅನುವಾದಿಸಿದಳು.

"ನಾನೇ," ಎಂದ ಟೌನೊ.

"ಎಷ್ಟು ದಿನ ಹಿಡಿಯುತ್ತೆ?"

ಇದನ್ನು ಅವಳು ಅವನಿಗೆ ಹೇಳಲೇ ಇಲ್ಲ. ಕಣ್ಣೊರೆಸಿಕೊಂಡು ತಾನೇ ಉತ್ತರಿಸಿದಳು: "ಕಷ್ಟದ ಕೆಲಸ ಸಾರ್. ಸೋಮವಾರ ಅಂತೂ ದಾಟುತ್ತೆ."

ಅವರು ಬಸ್ಸಿನವನಿಗೆ ಹೊರಡು ಎಂದು ಕೈಬೀಸಿದರು.

ಸೋಮವಾರ ಕಚೇರಿಯಲ್ಲಿ ಏನನ್ನುತ್ತಾರೋ ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಆ ರಾತ್ರಿ ಟೌನೊನ ಬಟ್ಟಲಲ್ಲಿ ಸೂಪಿಗೆ ಜಾಗವೇ ಇರಲಿಲ್ಲ, ಅಷ್ಟು ಮಾಂಸ.