ರೊಟ್ಟಿ ಬಡಿಯುವ ಸದ್ದು

ನನ್ನ ಹೆಂಡತಿ ಚನ್ನಕ್ಕ ತೀರಿಕೊಂಡು ಮೂರು ವರ್ಷವಾಯಿತು. ಜಾಲಹಳ್ಳಿ ಕ್ವಾರ್ಟರ್ಸ್‌ನಲ್ಲಿದ್ದಾಗ ರೊಟ್ಟಿ ಬಡಿಯುತ್ತ ಮಗಳಿಗೆ ಅದನ್ನು ಹೇಳಿಕೊಟ್ಟ ಒಂದು ಧ್ವನಿಮುದ್ರಣ ಬಿಟ್ಟರೆ ಅವಳ ದನಿ ಬೇರೆಲ್ಲೂ ಉಳಿದಿಲ್ಲ. ಅದಿದ್ದ ಹಳೆಯ ಟ್ಯಾಬಿನ ಬ್ಯಾಟರಿ ಊದಿಕೊಂಡಿತ್ತು. ಹೋದ ಭಾನುವಾರ ಮಧ್ಯಾಹ್ನ ಪುಟ್ಟೇನಹಳ್ಳಿಯ ಮನೆಯಲ್ಲಿ ಮಗಳು ಶಿವಾನಿ ಅದನ್ನು ಹೊಸ ಟ್ಯಾಬಿಗೆ ಸಾಗಿಸಿದಳು. ಅವಧಿಯನ್ನು ನಾನು ಮೊದಲೇ ಬರೆದಿಟ್ಟುಕೊಂಡಿದ್ದೆ: ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.

“ಬಂತು ಕಣಪ್ಪಾ. ಇನ್ನಾದ್ರೂ ಉಸಿರಾಡು,” ಎಂದು ನಕ್ಕು ಅವಳು ಹೊರಗೆ ಹೋದಳು.

ಹೊಸದರಲ್ಲಿ ನಾಲ್ಕು ನಿಮಿಷ ನಲವತ್ತು ಸೆಕೆಂಡು ಎಂದಿತ್ತು. ಹಚ್ಚಿ ಕೇಳಿದೆ. ಯಾವಾಗಲೂ ಮುಗಿಯುವ ಕಡೆ ಅದು ಮುಗಿಯಲಿಲ್ಲ, ರೊಟ್ಟಿ ಬಡಿಯುವ ಸದ್ದು ಮುಂದುವರಿಯಿತು. ಟ್ಯಾಬಿನ ಬೆನ್ನು ಹಂಚಿನಂತೆ ಬಿಸಿಯಾಗಿತ್ತು.

“ಎಷ್ಟೊತ್ತು ಕರೀಲ್ರಿ? ರೊಟ್ಟಿ ಆರಿ ಹೊಂಟಾವ, ಬರ್ರಿ.”

ಮುದ್ರಣದೊಳಗೇ, ಚನ್ನಕ್ಕನ ದನಿಯ ಹಿಂದೆ, ನಮ್ಮ ಮಹಡಿಯ ಲಿಫ್ಟಿನ ಗಂಟೆ ಎರಡು ಸಲ ಕೇಳಿಸಿತು. ಈ ಮನೆಗೆ ನಾವು ಬಂದದ್ದು ಅವಳು ಹೋದ ಮರುವರ್ಷ.

ನಾನು ಕೈ ತೊಳೆದುಕೊಂಡು ಬಂದು, ತಟ್ಟೆ ಇಟ್ಟುಕೊಂಡು ಅದರ ಮುಂದೆ ಕೂತೆ.

ಶಿವಾನಿಗೆ ಇನ್ನೂ ಹೇಳಿಲ್ಲ. ಇವತ್ತು ಬೆಳಿಗ್ಗೆ ನೋಡಿದಾಗ ಅವಧಿ ಐದು ನಿಮಿಷ ಮೂರು ಸೆಕೆಂಡು ಇತ್ತು.