ಅವನ ಕತ್ತು ಬಿಗಿಯಾದಾಗ

ಟೆಸ್ಸಾ ಟೇಬಲ್ ಒರೆಸುತ್ತಿದ್ದಳು.

ರೋಗಿಯನ್ನು ಮಲಗಿಸುವ, ರೆಕ್ಸಿನ್ ಹೊದಿಸಿದ ಉದ್ದನೆಯ ಟೇಬಲ್. ತಲೆ ಇಡುವ ಕಡೆಯ ಹಳೇ ಕಾಗದ ಹರಿದು, ಔಷಧಿ ನೀರು ಚಿಮುಕಿಸಿ, ಬಟ್ಟೆಯಿಂದ ಉಜ್ಜಿ, ಹೊಸ ಕಾಗದ ಎಳೆಯಬೇಕು. ಆ ದೊಡ್ಡ ಕೋಣೆಯಲ್ಲಿ ಅಂಥವು ಇಪ್ಪತ್ತು. ಈ ತುದಿಯಿಂದ ಅವಳು, ಆ ತುದಿಯಿಂದ ರೂಬೆನ್.

ರಜೆಗೆ ಮುಂಚಿನ ಕೊನೆಯ ಸರದಿ ಇವರಿಬ್ಬರದು.

ನಡುವಿನ ಟೇಬಲ್ಲಿನ ಬಳಿ ಇಬ್ಬರ ಕೈಯೂ ಒಂದೇ ಬಾಟಲಿಗೆ ಹೋಯಿತು. ಬೆರಳಿಗೆ ಬೆರಳು ತಗುಲಿತು, ಅಷ್ಟೇ... ಕಾದ ಬಾಣಲೆ ಮುಟ್ಟಿದವನಂತೆ ಅವನು ಕೈ ಎಳೆದುಕೊಂಡ!

'ನೋಡಿದೆಯಾ? ಇಷ್ಟು ತಗುಲಿದರೂ ಅವನಿಗೆ ಆಗಲ್ಲ...'

ಟೆಸ್ಸಾ ಬಟ್ಟೆಯಿಂದ ಇನ್ನೂ ಜೋರಾಗಿ ಉಜ್ಜಿದಳು.

ಉತ್ತರ ಮಿಸೌರಿಯ ಆ ಪುಟ್ಟ ಊರಿನ ಆಸ್ಟಿಯೋಪಥಿ ಕಾಲೇಜಿನಲ್ಲಿ ಔಷಧಿ, ಶಸ್ತ್ರಚಿಕಿತ್ಸೆಯ ಜೊತೆಗೆ ಬರಿಗೈಯಿಂದ ಮೈಯನ್ನು ಓದಿ ಸರಿಪಡಿಸುವುದನ್ನೂ ಕಲಿಸುತ್ತಾರೆ. ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ರೋಗಿ. ಇಂದು ನೀನು ಮಲಗು, ನಾಳೆ ನಾನು. ಒಂದೂವರೆ ವರ್ಷದಿಂದ ಟೆಸ್ಸಾಳ ಜೋಡಿ ರೂಬೆನ್. ಅವನ ಬೆನ್ನಿನ ಒಂದೊಂದು ಮಣಿಯೂ ಅವಳ ಬೆರಳಿಗೆ ಗೊತ್ತು. ಯಾವಾಗ ಅವನನ್ನು ಪ್ರೀತಿಸತೊಡಗಿದಳೋ, ಅದು ಮಾತ್ರ ಗೊತ್ತಿಲ್ಲ.

ಕಳೆದ ಮಂಗಳವಾರ ಪರೀಕ್ಷೆ ಇತ್ತು. ಕತ್ತನ್ನು ಮೆಲ್ಲಗೆ ತಿರುಗಿಸಿ, ಅಡ್ಡಿ ಸಿಕ್ಕಲ್ಲಿ ನಿಂತು, ಚಿಕ್ಕದೊಂದು ತಳ್ಳು ಕೊಡಬೇಕು. ಕತ್ತು ಬಿಗಿಯಾದರೆ ನಿಲ್ಲಿಸಲೇಬೇಕು, ಅದು ನಿಯಮ.

ಅವಳ ಅಂಗೈಯೊಳಗೆ ರೂಬೆನ್‌ನ ಕತ್ತು ಕಲ್ಲಾಯಿತು.

ಅವಳು ಕಾದಳು. ಸಡಿಲವಾಗಲಿಲ್ಲ. ಸಮಯ ಮುಗಿಯಿತು. ಫೇಲ್!

ಮರುದಿನವೇ ಅವನು ಜೋಡಿ ಬದಲಿಸುವ ಅರ್ಜಿ ಕೊಟ್ಟ. "ಬಾಯಿ ಹೇಳಿದ್ದು ಬಿಡಿ, ಮೈ ಹೇಳಿದ್ದು ಬರ್ಕೊಳ್ಳಿ" ಎಂದು ಮೊದಲ ದಿನದಿಂದ ಕಲಿಸಿದ್ದರಲ್ಲ? ಟೆಸ್ಸಾ ಬರೆದುಕೊಂಡಳು... ನನ್ನ ಸ್ಪರ್ಶ ಅವನಿಗೆ ಅಸಹ್ಯ.

ಇಂದು ಮರುಪರೀಕ್ಷೆ. ಪಾಸಾದರೆ ಜುಲೈನಲ್ಲಿ ಎರಡು ವರ್ಷದ ತರಬೇತಿಗೆ ದೂರದ ಆಸ್ಪತ್ರೆ. ಇಲ್ಲವಾದರೆ ಅಪ್ಪನ ಕ್ಲಿನಿಕ್. ಅಜ್ಜ ಕಟ್ಟಿದ್ದು, ಅಪ್ಪ ಬೆಳೆಸಿದ್ದು.

ಬೆಳಿಗ್ಗೆಯೂ ಅಪ್ಪ ಫೋನಿನಲ್ಲಿ ನಕ್ಕಿದ್ದ. "ಆಗ್ಲಿಲ್ಲ ಅಂದ್ರೆ ಬಂದ್ಬಿಡು ಪುಟ್ಟಾ. ರಿಸೆಪ್ಷನ್ ಕುರ್ಚಿ ಖಾಲಿ ಇಟ್ಟಿದೀನಿ. ಫೋನ್ ಎತ್ತು, ಹೆಸರು ಬರ್ಕೋ. ನಿನಗೆ ಅದೇ ಸರಿ."

ಅಷ್ಟು ಪ್ರೀತಿಯಿಂದ ಹೇಳುತ್ತಿದ್ದ... ಅವಳಿಗೆ ಉಸಿರುಕಟ್ಟುತ್ತಿತ್ತು.

ಬಾಗಿಲು ತೆರೆಯಿತು. ಪರೀಕ್ಷಕಿ ಡಾಕ್ಟರ್ ಪ್ರಿಚರ್ಡ್ ಬೂಟಿನ ಹಿಮ ಝಾಡಿಸುತ್ತಾ ಒಳಬಂದರು.

"ಟೆಸ್ಸಾ, ನಿನ್ನ ಹೊಸ ಜೋಡಿ ಗ್ರೆಚೆನ್ ಪಾರ್ಕಿಂಗ್‌ನಲ್ಲಿ ಜಾರಿ ಬಿದ್ದಿದ್ದಾಳೆ ಕಣಮ್ಮಾ. ಅವಳ ಕತ್ತು ಇವತ್ತು ಯಾರೂ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ... ನಾನು?"

"ಬೇರೆ ಯಾರಿದಾರೆ? ಎಲ್ಲ ರಜಕ್ಕೆ ಊರಿಗೆ ಓಡಿದ್ದಾರೆ." ಅವರ ಕಣ್ಣು ಕೋಣೆ ಸುತ್ತಿ ನಿಂತಿತು. "ರೂಬೆನ್, ನೀನೇ ಮಲಗಪ್ಪಾ."

"ನನ್ನಿಂದಾಗಲ್ಲ ಡಾಕ್ಟರ್."

ಇಷ್ಟು ನೇರವಾಗಿ!

"ಬಲವಂತ ಇಲ್ಲಪ್ಪ, ಕತ್ತು ನಿಂದು," ಎಂದರು ಪ್ರಿಚರ್ಡ್. "ಕಾಫಿ ಕುಡಿದು ಬರ್ತೀನಿ. ಹತ್ತು ನಿಮಿಷ. ಟೇಬಲ್ ಮೇಲೆ ಯಾರೂ ಇರ್ಲಿಲ್ಲ ಅಂದ್ರೆ ಸೊನ್ನೆ ಬರೆದು ಸಹಿ ಹಾಕ್ತೀನಿ. ನನ್ನ ಬೈಕೋಬೇಡಿ."

ಬಾಗಿಲು ಮುಚ್ಚಿತು.

ಎಂದೂ ದನಿ ಏರಿಸದ ಟೆಸ್ಸಾ ಬಟ್ಟೆಯನ್ನು ನೆಲಕ್ಕೆಸೆದಳು.

"ಅಷ್ಟೊಂದು ಅಸಹ್ಯನಾ ರೂಬೆನ್?"

"ಏನು?"

"ನನ್ನ ಕೈ! ಮೊದಲೇ ಹೇಳ್ಬಾರದಿತ್ತಾ? ಒಂದೂವರೆ ವರ್ಷ ಹಲ್ಲು ಕಚ್ಚಿ ಮಲಗ್ತಿದ್ಯಾ?"

ಅವನ ಮುಖ ಬಿಳಿಚಿತು. "ಅಸಹ್ಯ ಅಂತ ಯಾರು ಹೇಳಿದ್ದು?"

"ನಿನ್ನ ಕತ್ತು!"

ಅವನು ನಗಲು ಹೋದ. ನಗು ಬರಲಿಲ್ಲ. ಕುಸಿದು ಸ್ಟೂಲಿನ ಮೇಲೆ ಕುಳಿತ.

"ಕತ್ತು ಬಿಗಿ ಆಗಿದ್ದು ನಿಜ. ಅದನ್ನ ನೀನು ಸರಿಯಾಗೇ ಓದಿದೆ. ಕಾರಣ ಮಾತ್ರ ನೀನೇ ಬರ್ಕೊಂಡೆ ಟೆಸ್ಸಾ."

"ಮತ್ತೆ... ಯಾಕೆ?"

"ನೀನು ತಲೆ ಹಿಡಿದಾಗ ನಿನ್ನ ಬೆರಳು ನನ್ನ ನಾಡಿ ಮೇಲೇ ಇರುತ್ತೆ. ಅದು ಓಡೋದು ನಿಂಗೆ ಗೊತ್ತಾಗ್ಬಾರ್ದು ಅಂತ ಉಸಿರು ಹಿಡೀತಿದ್ದೆ, ಮಂಗಳವಾರ ಬಿಡೋಕೇ ಆಗ್ಲಿಲ್ಲ. ಉಸಿರು ಹಿಡಿದ್ರೆ ಕತ್ತು ಬಿಗಿಯದೆ ಇನ್ನೇನಾಗುತ್ತೆ?" ಅವನು ಅಂಗೈ ನೋಡಿಕೊಂಡ. "ನನ್ನಿಂದ ನೀನು ಫೇಲಾದೆ. ಇನ್ನೊಬ್ಬರ ಕತ್ತಾದ್ರೆ ಪಾಸಾಗ್ತೀಯ ಅಂತ ಅರ್ಜಿ ಕೊಟ್ಟೆ. ಈಗ್ಲೂ ಅದೇ ಹೆದರಿಕೆ."

ಟೆಸ್ಸಾ ಟೇಬಲ್ಲಿನ ಅಂಚು ಹಿಡಿದಳು. 'ಇಷ್ಟು ದಿನ ಅಂಗೈಯಲ್ಲೇ ಇತ್ತು... ಗೊತ್ತಾಗಲೇ ಇಲ್ಲ!'

"ನಾಡಿ ಯಾಕೆ ಓಡುತ್ತೆ?" ಕೇಳಿಯೇಬಿಟ್ಟಳು.

"ಗೊತ್ತಿಲ್ವಾ?"

"ಬಾಯಲ್ಲಿ ಹೇಳು. ಮೈ ಓದಿ ಓದಿ ಸಾಕಾಗಿದೆ ನಂಗೆ."

"ನೀನಂದ್ರೆ ನಂಗೆ ಇಷ್ಟ. ತುಂಬಾ. ಹೆಣ ಕೊಯ್ಯೋ ತರಗತಿಲಿ ನೀನು ತಲೆ ಸುತ್ತಿ ನನ್ನ ಮೇಲೆ ಬಿದ್ಯಲ್ಲ, ಅವತ್ತಿಂದ."

"ಅಯ್ಯೋ! ಅದನ್ನಾ ನೆನಪಿಟ್ಕೊಂಡಿರೋದು?"

ಈ ಸಲ ಇಬ್ಬರಿಗೂ ನಗು ಬಂತು. ಅವಳ ಕಣ್ಣಲ್ಲಿ ನೀರೂ ಬಂತು.

"ನಂಗೂ..." ಎಂದಳು. ಅವನಿಗೆ ಅಷ್ಟೇ ಸಾಕಾಯಿತು.

ಅವನು ಟೇಬಲ್ ಮೇಲೆ ಮಲಗಿದ. ಡಾಕ್ಟರ್ ಪ್ರಿಚರ್ಡ್ ಬಂದು, ಕೈಯಲ್ಲಿ ಕಾಫಿ ಹಿಡಿದೇ ನಿಂತರು.

"ಕೈ ಇಡಲಾ?" ಪ್ರತಿ ಸಲವೂ ಕೇಳಲೇಬೇಕಾದ ಮಾತು. ಇಂದು ಅವಳ ದನಿ ನಡುಗಿತು.

"ಇಡು."

ಬೆರಳ ಕೆಳಗೆ ನಾಡಿ ಕುದುರೆಯಂತೆ ಓಡುತ್ತಿತ್ತು. ಈ ಬಾರಿ ಅವನು ಅದನ್ನು ಮುಚ್ಚಿಡಲಿಲ್ಲ. ಉದ್ದನೆಯ ಉಸಿರು ಹೊರಬಂತು. ಕತ್ತು ಅವಳ ಅಂಗೈಯಲ್ಲಿ ಭಾರವಾಯಿತು, ಮೆತ್ತಗಾಯಿತು... ತಿರುಗಿಸಿದಳು. ಅಡ್ಡಿ ಸಿಕ್ಕಲ್ಲಿ ನಿಂತಳು. ತಳ್ಳಿದಳು.

ಟಕ್!

"ಹೂಂ," ಎಂದರು ಪ್ರಿಚರ್ಡ್. "ಇಷ್ಟು ಚೆನ್ನಾಗಿ ಬರೋದನ್ನ ಮಂಗಳವಾರ ಎಲ್ಲಿ ಬಚ್ಚಿಟ್ಟಿದ್ದೆ? ಪಾಸ್, ಹೋಗು." ಇಬ್ಬರ ಮುಖವನ್ನೂ ನೋಡಿದರು. "ಇನ್ಮೇಲೆ ನೀವಿಬ್ರೂ ಜೋಡಿ ಬೇಡ. ಈ ಕೋಣೆ ಒಳಗೆ ಮಾತ್ರ ಬೇಡ ಅಂದೆ, ಹೊರಗೆ ನಿಮ್ಮಿಷ್ಟ."

ಅವರು ಹೋದ ಮೇಲೂ ರೂಬೆನ್ ಏಳಲಿಲ್ಲ.

"ಏಳೋ, ಪರೀಕ್ಷೆ ಮುಗೀತು."

"ನೀನಿನ್ನೂ ತಲೆ ಬಿಟ್ಟಿಲ್ಲ."

"ಬಿಡ್ಲಾ?"

"ಬೇಡ."

ಆಗಲೇ ಫೋನ್ ಬಡಿದುಕೊಂಡಿತು. ಅಪ್ಪ.

ಅವಳ ಭುಜ ತಾನಾಗಿ ಕಿವಿಯವರೆಗೆ ಏರಿತು. ರೂಬೆನ್ ಎದ್ದು ಕುಳಿತು ನೋಡಿದ. ಅಂಗೈ ಚಾಚಿದ. ಅವಳು ಅದನ್ನು ಹಿಡಿದುಕೊಂಡು ಫೋನ್ ಎತ್ತಿದಳು.

"ಏನಾಯ್ತು ಪುಟ್ಟಾ? ಕುರ್ಚಿ ಒರೆಸಿಡ್ಲಾ?"

"ಪಾಸಾದೆ ಅಪ್ಪಾ."

"ಓ! ಭೇಷ್! ಹಾಗಾದ್ರೆ ಓದು ಮುಗಿಸಿ ಸೀದಾ ಇಲ್ಲಿಗೇ. ಒಳಗಿನ ಡಾಕ್ಟರ್ ಕೋಣೆ ನಿಂಗೆ. ಪರದೆ ಯಾವ ಬಣ್ಣ ಬೇಕು ಹೇಳು."

ಪಾಸಾದರೂ ಅದೇ ಕ್ಲಿನಿಕ್. ಫೇಲಾದರೂ ಅದೇ ಕ್ಲಿನಿಕ್. ಕೋಣೆ ಮಾತ್ರ ಬೇರೆ! ಅಲ್ಲಿಂದ ಹೊರಬರುವ ಬಾಗಿಲು ಯಾವ ಪರೀಕ್ಷೆಯಿಂದಲೂ ತೆರೆಯುವಂಥದ್ದಲ್ಲವೆಂದು ಅವಳಿಗೆ ಈಗ ಗೊತ್ತಾಯಿತು.

"ನಾನು ಅಲ್ಲಿಗೆ ಬರಲ್ಲ ಅಪ್ಪಾ."

ಆ ಕಡೆ ನಗು ನಿಂತಿತು.

"ಕೋಪದಿಂದ ಹೇಳ್ತಿಲ್ಲ. ನಿನ್ನ ಬಿಟ್ಟೂ ಹೋಗ್ತಿಲ್ಲ. ಬರೋ ಹಬ್ಬಕ್ಕೆ ಬರ್ತೀನಿ, ಒಬ್ಬನ್ನ ಕರ್ಕೊಂಡು ಬರ್ತೀನಿ. ಆದ್ರೆ ಕ್ಲಿನಿಕ್ಕಿಗೆ ಬರಲ್ಲ."

ಫೋನಿನ ಆ ತುದಿಯಲ್ಲಿ ಅಪ್ಪನ ಉಸಿರು ಕೇಳುತ್ತಿತ್ತು. ರೂಬೆನ್‌ನ ಬೆರಳು ಅವಳ ಬೆರಳನ್ನು ಬಿಗಿಹಿಡಿದವು.

"ಅಪ್ಪಾ... ಒಂದ್ಸಲ ಸರಿ ಅನ್ನು."